ದಾಮಗುಂಡಂ ಕಾಡಿಗೆ ಬಂದ ನೌಕಾಪಡೆ

ಮಳಖೇಡದ ಕೋಟೆಯ ಪಕ್ಕದಲ್ಲಿ ಹರಿಯುವ ಕಾಗಿಣಾ ಹುಟ್ಟುವುದು ಗಡಿಯಾಚೆ, ತೆಲಂಗಾಣದ ವಿಕಾರಾಬಾದ್ ಸೀಮೆಯ ಅನಂತಗಿರಿ ಗುಡ್ಡಗಳಲ್ಲಿ. ಹೈದರಾಬಾದಿನ ಮೂಸಿ ನದಿಯ ಮೂಲವೂ ಅಲ್ಲೇ. ಅದೇ ಜಿಲ್ಲೆಯ ಪೂಡೂರು ಮಂಡಲದಲ್ಲಿ ದಾಮಗುಂಡಂ ಮೀಸಲು ಅರಣ್ಯವಿದೆ, ಅದರೊಳಗೆ ರಾಮಲಿಂಗೇಶ್ವರನ ಹಳೆಯ ಗುಡಿಯಿದೆ. ಸಮುದ್ರ ಅಲ್ಲಿಂದ ನೂರಾರು ಕಿಲೋಮೀಟರ್ ದೂರ. ಆದರೂ 2024ರ ಅಕ್ಟೋಬರ್ 15ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಆ ಕಾಡಿನಲ್ಲಿ ನೌಕಾಪಡೆಯ ರೇಡಿಯೊ ಕೇಂದ್ರಕ್ಕೆ ಅಡಿಗಲ್ಲು ಹಾಕಿದರು.

ಈ ಜಿಲ್ಲೆ ಕನ್ನಡಿಗರಿಗೆ ಹೊಸದಲ್ಲ. ಈಗ ವಿಕಾರಾಬಾದ್ ಜಿಲ್ಲೆಯಲ್ಲಿರುವ ತಾಂಡೂರು, ಕೊಡಂಗಲ್ ತಾಲೂಕುಗಳು ನಿಜಾಮರ ಕಾಲದಲ್ಲಿ ಗುಲಬರ್ಗಾ ಜಿಲ್ಲೆಯವು. 1956ರ ನವೆಂಬರ್ 1ರಂದು ಗುಲಬರ್ಗಾ ಮೈಸೂರು ರಾಜ್ಯಕ್ಕೆ ಬಂದಾಗ ಇವೆರಡು ಮಾತ್ರ ಆಂಧ್ರದ ಪಾಲಾದವು. ತಾಂಡೂರಿನ ಕಲ್ಲು ನಮ್ಮ ಶಹಾಬಾದ್ ಕಲ್ಲಿನ ಜಾತಿಯದೇ; ತೊಗರಿಯ ಹೊಲಗಳೂ ಸೇಡಂವರೆಗೆ ಒಂದೇ ಸಮನೆ ಹಬ್ಬಿವೆ.

ಹಡಗಿಲ್ಲದ ನಾಡಿನಲ್ಲಿ ನೌಕಾಪಡೆಗೇನು ಕೆಲಸ? ಉಪ್ಪುನೀರು ಸಾಮಾನ್ಯ ರೇಡಿಯೊ ತರಂಗಗಳನ್ನು ಮೇಲ್ಮೈಯಲ್ಲೇ ನುಂಗಿಬಿಡುತ್ತದೆ. ಮುಳುಗಿರುವ ಜಲಾಂತರ್ಗಾಮಿಗೆ ಸುದ್ದಿ ಮುಟ್ಟಿಸಬೇಕಾದರೆ ಅತಿ ಕಡಿಮೆ ಕಂಪನಾಂಕದ, ಅಂದರೆ 3ರಿಂದ 30 ಕಿಲೋಹರ್ಟ್ಜ್‌ನ ತರಂಗಗಳೇ ಬೇಕು. ಅವು ಕೆಲವು ಹತ್ತು ಮೀಟರ್ ಆಳಕ್ಕೆ ಇಳಿಯುತ್ತವೆ. 18 ಕಿಲೋಹರ್ಟ್ಜ್‌ನ ಒಂದೇ ಒಂದು ಅಲೆ ಹದಿನಾರು ಕಿಲೋಮೀಟರ್‌ಗೂ ಉದ್ದ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಗಿಂತ ಹೆಚ್ಚು! ಅಂಥ ಅಲೆಗೆ ತಕ್ಕಷ್ಟು ಎತ್ತರದ ಕಂಬವನ್ನು ಯಾರೂ ನಿಲ್ಲಿಸಲಾರರು. ಹಾಗಾಗಿ ನೂರಾರು ಮೀಟರ್ ಎತ್ತರದ ಗೋಪುರಗಳ ನಡುವೆ ತಂತಿಗಳನ್ನು ಬಲೆಯಂತೆ ಹರಡುತ್ತಾರೆ, ನೆಲದಡಿಯಲ್ಲೂ ಉದ್ದಕ್ಕೆ ತಂತಿ ಹೂಳುತ್ತಾರೆ. ಸಾವಿರಾರು ಎಕರೆ ಬೇಕಾಗುವುದು ಇದಕ್ಕೇ. ಈ ಅಲೆಗಳು ಭೂಮಿಗೂ ಮೇಲಿನ ಅಯಾನುಗೋಳಕ್ಕೂ ನಡುವೆ ಸಾವಿರಾರು ಕಿಲೋಮೀಟರ್ ಸಾಗುವುದರಿಂದ ಕೇಂದ್ರ ಕಡಲ ದಂಡೆಯಲ್ಲೇ ಇರಬೇಕೆಂದಿಲ್ಲ. ಧ್ವನಿ ಮಾತ್ರ ಇದರಲ್ಲಿ ಹೋಗದು. ಸಂಕೇತಾಕ್ಷರಗಳು ನಿಧಾನವಾಗಿ ಹೋಗುತ್ತವೆ. ಹಿಂದೆ ಉದ್ದನೆಯ ತಂತಿ ಎಳೆದುಕೊಂಡು ಸಾಗುವ ಜಲಾಂತರ್ಗಾಮಿ ಅವನ್ನು ಕೇಳಿಸಿಕೊಳ್ಳಬಲ್ಲದು, ಅದೇ ದಾರಿಯಲ್ಲಿ ಉತ್ತರ ಕೊಡಲಾರದು.

ನಮ್ಮ ದೇಶದಲ್ಲಿ ಇಂಥ ಮೊದಲ ಕೇಂದ್ರ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂನಲ್ಲಿರುವ ಐಎನ್‌ಎಸ್ ಕಟ್ಟಬೊಮ್ಮನ್; 1990ರಲ್ಲಿ ಕಾರ್ಯಾರಂಭ ಮಾಡಿತು. ಎರಡನೆಯದಕ್ಕೆ ದಾಮಗುಂಡಂನ ಸುಮಾರು 2,900 ಎಕರೆ ಅರಣ್ಯ ಗೊತ್ತಾಯಿತು. ಅಣುಶಕ್ತಿಯ ಜಲಾಂತರ್ಗಾಮಿ ಅರಿಘಾತ್ ನೌಕಾಪಡೆಗೆ ಸೇರಿದ್ದು ಅದೇ 2024ರ ಆಗಸ್ಟ್‌ನಲ್ಲಿ. ಅಂಥ ನೌಕೆಗಳಿಗೆ ಆಜ್ಞೆ ತಲುಪಿಸಲು ಒಂದೇ ಕೇಂದ್ರವನ್ನು ನೆಚ್ಚಿ ಕೂರಲಾಗದು ಎಂಬ ಮಾತನ್ನು ನಾನು ಒಪ್ಪುತ್ತೇನೆ.

ಕಾಡು ಕಡಿಯಬಾರದೆಂದು ಸ್ಥಳೀಯರೂ ಪರಿಸರವಾದಿಗಳೂ ಹೋರಾಡಿದರು. ಮೂಸಿಯ ನೀರಿಗೆ ಕುತ್ತು, ಗಿಡಮೂಲಿಕೆಗಳಿಗೆ ಕುತ್ತು, ಗುಡಿಗೆ ಹೋಗುವ ದಾರಿ ಮುಚ್ಚೀತು ಎಂಬುದು ಅವರ ಆತಂಕ. ಅದನ್ನು ದೇಶವಿರೋಧವೆಂದು ತಳ್ಳಿಹಾಕುವುದು ತಪ್ಪು. ತುಂಗಭದ್ರೆಗೆ ಅಣೆಕಟ್ಟು ಕಟ್ಟಿದಾಗ ನಾರಾಯಣದೇವರಕೆರೆ ಮುಳುಗಿ, ಊರವರು ಮರಿಯಮ್ಮನಹಳ್ಳಿಯಲ್ಲಿ ಮನೆ ಕಟ್ಟಿಕೊಂಡದ್ದು ನಮ್ಮ ಹೊಸಪೇಟೆ ಕಡೆಯ ಮನೆಮನೆಗೂ ಗೊತ್ತು. ಆ ಅಣೆಕಟ್ಟಿನಿಂದ ಕಂಪ್ಲಿಯ ಗದ್ದೆಗಳು ಹಸಿರಾದವು, ನಿಜ. ಆದರೆ ಅಣೆಕಟ್ಟಿನ ಲೆಕ್ಕ ಕಡತಗಳಲ್ಲಿ ಉಳಿದಷ್ಟು ಮುಳುಗಿದ ಊರಿನ ಓಣಿ, ಬಾವಿ, ಜಾತ್ರೆಗಳ ಲೆಕ್ಕ ಉಳಿಯಲಿಲ್ಲ.

ದಾಮಗುಂಡಂನಲ್ಲಿ ಅಂಥ ಲೆಕ್ಕ ಬರೆದಿಡಲು ಇನ್ನೂ ಹೊತ್ತಿದೆ. ಯಾವ ಹೊಂಡದಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ, ದನಗಳನ್ನು ಯಾವ ಹಾದಿಯಲ್ಲಿ ಮೇಯಲು ಹೊಡೆಯುತ್ತಿದ್ದರು, ಯಾವ ಬೇರು ಯಾವ ಕಾಯಿಲೆಗೆ ಎಂಬುದನ್ನು ಪೂಡೂರಿನ ಹಿರಿಯರನ್ನು ಕೇಳಿ, ಗುಡಿಯ ಕಲ್ಲುಗಳ ಚಿತ್ರ ತೆಗೆದು, ಬೇಲಿ ಮುಗಿಯುವ ಮೊದಲೇ ಬರೆದಿಡಬೇಕು. ನೌಕಾಪಡೆ, ಅರಣ್ಯ ಇಲಾಖೆ, ಹತ್ತಿರದ ಕಾಲೇಜುಗಳು ಮನಸ್ಸು ಮಾಡಿದರೆ ಒಂದು ಬೇಸಿಗೆಯಲ್ಲಿ ಆಗುವ ಕೆಲಸ.