ಚೆನ್ನಾಗಿ ಬೇಯಿಸಿದರೆ ಪಫರ್ ಮೀನಿನ ವಿಷ ಹೋಗುತ್ತದೆಯೇ?

ಹೊಟ್ಟೆ ಉಬ್ಬಿಸಿಕೊಂಡು ಚೆಂಡಿನಂತಾಗುವ ಪಫರ್ ಮೀನಿನ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದರ ಜೊತೆಗೆ ‘ಹುಣಸೆಹುಳಿ, ಅರಿಶಿನ ಹಾಕಿ ಚೆನ್ನಾಗಿ ಕುದಿಸಿದರೆ ತಿನ್ನಬಹುದು’ ಎಂಬ ಸಲಹೆ ಇದ್ದರೆ ನಂಬಬೇಡಿ, ಮುಂದೆ ಕಳಿಸಲೂಬೇಡಿ.

ವಾಸ್ತವ ಏನು?

ಈ ಮೀನಿನಲ್ಲಿರುವುದು ಟೆಟ್ರೊಡೊಟಾಕ್ಸಿನ್ ಎಂಬ ವಿಷ. ಅಡುಗೆಯ ಬಿಸಿಗಾಗಲೀ ಫ್ರಿಜ್‌ನ ತಂಪಿಗಾಗಲೀ ಅದು ನಾಶವಾಗುವುದಿಲ್ಲ. ಪಿತ್ತಜನಕಾಂಗ, ಮೊಟ್ಟೆ, ಕರುಳು, ಚರ್ಮದಲ್ಲಿ ಹೆಚ್ಚು. ಕೆಲವು ಜಾತಿಗಳಲ್ಲಿ ಮಾಂಸದಲ್ಲೂ ಇರುತ್ತದೆ. 1774ರಲ್ಲಿ ನಾವಿಕ ಜೇಮ್ಸ್ ಕುಕ್ ಇಂಥ ಮೀನಿನ ಪಿತ್ತಜನಕಾಂಗ ಮತ್ತು ಮೊಟ್ಟೆಯ ರುಚಿಯನ್ನಷ್ಟೇ ನೋಡಿದ್ದ. ಕೈಕಾಲು ಮರಗಟ್ಟಿದವು. ಅದರ ಕರುಳು ತಿಂದ ಹಂದಿ ಸತ್ತೇಹೋಯಿತು.

ಸಣ್ಣ ಮೀನಾದರೆ ಅಪಾಯವಿಲ್ಲವೇ?

ಗಾತ್ರ ನೋಡಿ ವಿಷ ಅಳೆಯಲಾಗದು. ಹವಳದ ದಿಬ್ಬಗಳಲ್ಲಿ, 50 ಮೀಟರ್ ಆಳದವರೆಗೂ ಕಾಣಸಿಗುವ ಕ್ಯಾಂಥಿಗ್ಯಾಸ್ಟರ್ ವ್ಯಾಲೆಂಟಿನಿ ಎಂಬ ಪಫರ್ ಸುಮಾರು 10 ಸೆಂಟಿಮೀಟರ್ ಉದ್ದ ಅಷ್ಟೆ. ಆದರೂ ದೊಡ್ಡ ಮೀನುಗಳು ಅದರ ತಂಟೆಗೆ ಹೋಗುವುದಿಲ್ಲ. ವಿಷವಿಲ್ಲದ ಇನ್ನೊಂದು ಮೀನು ಅದರದೇ ಬಣ್ಣದ ವೇಷ ಹಾಕಿ ಬದುಕುತ್ತದೆ!

ಕಡಲಿಂದ ದೂರ ಇರುವ ನಮಗೇಕೆ?

ರೋಣ, ನರಗುಂದ, ಗಜೇಂದ್ರಗಡದವರಿಗೆ ಪರಿಚಯ ಇರುವುದು ಹೊಳೆ, ಕೆರೆಯ ಮೀನು. ಕಡಲ ಮೀನು ನಮ್ಮ ಸಂತೆಗೆ ಬರುವುದು ಗಾಡಿಯಲ್ಲಿ. ಪರಿಚಯ ಇಲ್ಲದಿರುವುದೇ ಅಪಾಯ. 2008ರಲ್ಲಿ ಬಾಂಗ್ಲಾದೇಶದಲ್ಲಿ ಕಡಲ ಪಫರ್ ಮೀನು ಒಳನಾಡಿನ ಸಂತೆಗಳಿಗೆ ಬಂತು. ನರಸಿಂಗ್ದಿ, ನಾಟೋರ್ ಮತ್ತು ಢಾಕಾದಲ್ಲಿ 141 ಜನ ಅಸ್ವಸ್ಥರಾದರು, 17 ಜನ ಸತ್ತರು.

ಗುರುತಿಸುವುದು ಹೇಗೆ?

ದುಂಡು ದೇಹ, ಬೇರೆ ಮೀನಿನಂಥ ಹುರುಪೆ ಇಲ್ಲದ ಚರ್ಮ, ಗಿಣಿಯ ಕೊಕ್ಕಿನಂತೆ ಕೂಡಿದ ಹಲ್ಲು: ಮೇಲೆ ಎರಡು, ಕೆಳಗೆ ಎರಡು. ತಲೆ, ಚರ್ಮ ತೆಗೆದ ಮೇಲೆ ಗುರುತು ಸಿಗುವುದಿಲ್ಲ. ಆದ್ದರಿಂದ ಹೆಸರು ಗೊತ್ತಿಲ್ಲದ ಮೀನನ್ನು ಹೆಚ್ಚಿದ ತುಂಡುಗಳಾಗಿ ಕೊಳ್ಳಬೇಡಿ.

ತಿಂದುಬಿಟ್ಟರೆ?

ಸಾಮಾನ್ಯವಾಗಿ ಒಂದು ಗಂಟೆಯೊಳಗೇ ತುಟಿ, ನಾಲಿಗೆ ಜುಮುಗುಡುತ್ತವೆ. ನಂತರ ವಾಂತಿ, ಕೈಕಾಲಿನ ನಿಶ್ಶಕ್ತಿ, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ರೋಗಿಗೆ ಮಾತಾಡಲಾಗದಿದ್ದರೂ ಎಚ್ಚರ ಇರಬಹುದು. ಇದಕ್ಕೆ ಪ್ರತಿವಿಷ ಇಲ್ಲ. ವಿಷ ಇಳಿಯುವವರೆಗೆ ವೆಂಟಿಲೇಟರ್ ಕೊಟ್ಟರೆ ಬದುಕಬಹುದು. ಮನೆಮದ್ದಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ. ಉಳಿದ ಮೀನನ್ನು ಎಸೆಯದೆ ವೈದ್ಯರಿಗೆ ತೋರಿಸಿ.

ತೀರ್ಮಾನ: ಬೇಯಿಸಿದರೆ ವಿಷ ಹೋಗುತ್ತದೆ ಎಂಬುದು ಸುಳ್ಳು. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನು ಮಾಡಿ.