ಮೋಟಾರು ಅಪಘಾತ ವಿಮಾ ಪರಿಹಾರ

ರಸ್ತೆ ಅಪಘಾತದಿಂದ ಆದ ಸಾವು, ಗಾಯ, ವಾಹನದ ಜಖಂ ಇವುಗಳಿಗೆ ವಿಮಾ ಕಂಪನಿ ಕೊಡಬೇಕಾದ ಹಣ. ಭಾರತದಲ್ಲಿ ಇದು 1988ರ ಮೋಟಾರು ವಾಹನ ಕಾಯ್ದೆಗೆ ಒಳಪಟ್ಟಿದೆ. 2019ರ ತಿದ್ದುಪಡಿಯ ಪ್ರಕಾರ ವಿಮೆಗೆ ಸಂಬಂಧಿಸಿದ ಹೊಸ ಕಲಮುಗಳು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ.

ಜನ 'ಕ್ಲೇಮು' ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ಬೇರೆ ದಾರಿಗಳಿವೆ. ಸ್ವಂತ ಕಾರಿನ ರಿಪೇರಿ ಖರ್ಚು 'ಫುಲ್ ಇನ್ಶೂರೆನ್ಸ್' ಮಾಡಿಸಿದವರಿಗಷ್ಟೇ ಸಿಗುತ್ತದೆ. ಎದುರಿನವರಿಗೆ ಆದ ಹಾನಿಯನ್ನು ತುಂಬಿಕೊಡುವ ಥರ್ಡ್ ಪಾರ್ಟಿ ವಿಮೆಯು 146ನೇ ಕಲಮಿನಂತೆ ಕಡ್ಡಾಯ.

ರಿಪೇರಿ ಖರ್ಚು ಬೇಕಿದ್ದರೆ ಕಂಪನಿಗೆ ಕೂಡಲೇ ತಿಳಿಸಬೇಕು, ಸರ್ವೇಯರ್ ಬಂದು ನೋಡುವವರೆಗೆ ಗ್ಯಾರೇಜಿನಲ್ಲಿ ಗಾಡಿ ಬಿಚ್ಚಿಸಬಾರದು. ಬಿಲ್ಲಿನಷ್ಟು ಹಣ ಬರಲಿಲ್ಲವೆಂಬ ದೂರಿಗೆ ಮುಖ್ಯ ಕಾರಣ ಸವಕಳಿ. ಬಂಪರಿನಂಥ ಪ್ಲಾಸ್ಟಿಕ್ ಭಾಗ, ರಬ್ಬರ್, ಬ್ಯಾಟರಿಗಳ ಬೆಲೆಯಲ್ಲಿ ಅರ್ಧ ಮುರಿದುಕೊಳ್ಳುತ್ತಾರೆ; ಗಾಜಿಗೆ ಕಡಿತವಿಲ್ಲ; ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ ಲೆಕ್ಕ. 'ಜೀರೋ ಡೆಪ್' ಪಾಲಿಸಿ ಈ ಕಡಿತವನ್ನು ತಪ್ಪಿಸುತ್ತದೆ. ರಿಪೇರಿ ವೆಚ್ಚ ವಿಮೆಯಲ್ಲಿ ಘೋಷಿಸಿದ ಮೌಲ್ಯದ ಶೇ. 75 ದಾಟಿದರೆ ಗಾಡಿ ಪೂರ್ತಿ ಹೋಯಿತೆಂದೇ ಪರಿಗಣಿಸುತ್ತಾರೆ.

ಸಾವು ನೋವಿನ ಪ್ರಕರಣ ಇದಕ್ಕಿಂತ ಬಹಳ ಗಂಭೀರ. ಇಲ್ಲಿ ಎಫ್‌ಐಆರ್, ಸ್ಥಳ ಮಹಜರು, ಆಸ್ಪತ್ರೆಯ ಗಾಯದ ಪ್ರಮಾಣಪತ್ರಗಳೇ ಆಧಾರ. 149ನೇ ಕಲಮಿನಂತೆ ಕಂಪನಿಯ ಅಧಿಕಾರಿ 30 ದಿನದೊಳಗೆ ಇತ್ಯರ್ಥದ ಮೊತ್ತವನ್ನು ಮುಂದಿಡಬೇಕು. ಯಾರ ತಪ್ಪೆಂದು ಸಾಬೀತುಪಡಿಸದೆ 164ನೇ ಕಲಮಿನಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯಬಹುದು. ಆದರೆ ಆ ಹಣವನ್ನು ಒಪ್ಪಿಕೊಂಡರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಹಾಕಿದ ಅರ್ಜಿ ರದ್ದಾಗುತ್ತದೆ. ದುಃಖದಲ್ಲಿರುವ ಮನೆಯವರ ಮುಂದೆ ಕಾಗದವಿಟ್ಟು ಸಹಿ ಕೇಳಿದಾಗ ಈ ಒಂದು ಮಾತನ್ನು ಅವರಿಗೆ ಯಾರಾದರೂ ಬಿಡಿಸಿ ಹೇಳಲೇಬೇಕು.

ಈ ಹಣಕ್ಕೂ ನ್ಯಾಯಮಂಡಳಿಯಲ್ಲಿ ಸಿಗಬಹುದಾದ ಹಣಕ್ಕೂ ವ್ಯತ್ಯಾಸ ಎಷ್ಟೆಂಬುದಕ್ಕೆ ಒಂದು ಲೆಕ್ಕ: ತಿಂಗಳಿಗೆ 20,000 ರೂಪಾಯಿ ದುಡಿಯುತ್ತಿದ್ದ, ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದ 35 ವರ್ಷದ ಗಾರೆ ಕೆಲಸದವರು ತೀರಿಕೊಂಡರು ಎಂದುಕೊಳ್ಳೋಣ. ಸುಪ್ರೀಂ ಕೋರ್ಟಿನ ಪ್ರಣಯ್ ಸೇಥಿ ತೀರ್ಪಿನಂತೆ (2017) ಮುಂದಿನ ಗಳಿಕೆಗೆಂದು ಶೇ. 40 ಸೇರಿಸಿದರೆ 28,000. ಅವರ ಸ್ವಂತ ಖರ್ಚೆಂದು ಮೂರನೇ ಒಂದು ಪಾಲು ಕಳೆದು, ವರ್ಷದ ಮೊತ್ತವನ್ನು ಸರಳಾ ವರ್ಮಾ ತೀರ್ಪು (2009) ಆ ವಯಸ್ಸಿಗೆ ಗೊತ್ತುಮಾಡಿದ 16ರಿಂದ ಗುಣಿಸಿದರೆ 35,84,000 ರೂಪಾಯಿ. ವರಮಾನ ಮತ್ತು ಎದುರು ಚಾಲಕನ ನಿರ್ಲಕ್ಷ್ಯ ಎರಡನ್ನೂ ತೋರಿಸಿಕೊಡಬೇಕು. ಕೂಲಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಮೇಸ್ತ್ರಿಯ ಹೇಳಿಕೆ ಇಲ್ಲಿ ಕೆಲಸಕ್ಕೆ ಬರುತ್ತವೆ.

ಅಂಗವೈಕಲ್ಯಕ್ಕೂ ಕಸುಬೇ ಅಳತೆಗೋಲು. ಒಂದು ಕೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ, ಗುಮಾಸ್ತರದು ಹೋಗದೇ ಇರಬಹುದು ಎಂದು ರಾಜ್ ಕುಮಾರ್ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್ ವಿವರಿಸಿತು. ವೈದ್ಯರು ಬರೆದ ಶೇಕಡಾವಾರಿಗೇ ಕಂಪನಿ ಜೋತುಬಿದ್ದರೆ ಈ ತೀರ್ಪನ್ನು ಮುಂದಿಡಬೇಕು.

ಅರ್ಜಿಯನ್ನು ಅಪಘಾತವಾದ ಊರಿನ ಅಥವಾ ಅರ್ಜಿದಾರರು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲಿ ಸಲ್ಲಿಸಬಹುದು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ ಈ ಕೆಲಸ ಮಾಡುತ್ತದೆ. ಕಾಯ್ದೆ ಕೊಟ್ಟಿರುವ ಅವಧಿ ಆರು ತಿಂಗಳು. ಚಾಲಕನ ಲೈಸೆನ್ಸ್ ಸರಿಯಿಲ್ಲವೆಂದು ಕಂಪನಿ ತಕರಾರೆತ್ತಿದರೆ, ಸ್ವರಣ್ ಸಿಂಗ್ ತೀರ್ಪಿನ (2004) ಜಾಡಿನಲ್ಲಿ ನ್ಯಾಯಮಂಡಳಿಗಳು ಕಂಪನಿ ಮೊದಲು ನೊಂದವರಿಗೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸುವುದುಂಟು. ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರ್ಕಾರಿ ಯೋಜನೆಯಿಂದ ಸಿಗುತ್ತದೆ.

ಸ್ವಂತ ಪಾಲಿಸಿಯ ತಕರಾರನ್ನು ಮೊದಲು ಕಂಪನಿಗೆ ಬರೆದು ತಿಳಿಸಿ, ಅಲ್ಲಿ ಪರಿಹಾರವಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.