ಕಡಲಾಳದ ಕವಚ

ಗುಂಜಿಯ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿಯುವವರಿಗೆ ಕಡಲಾಳದ ಉಡುಪಿನ ಮಾತು ದೂರದ್ದೆನಿಸೀತು. ಆದರೆ 'ಈಜಿಪ್ಟ್' ಹಡಗು ಹೊರಟಿದ್ದುದು ನಮ್ಮ ಮುಂಬಯಿಗೇ. 1922ರ ಮೇ 20ರಂದು, ಮಂಜಿನಲ್ಲಿ ಫ್ರೆಂಚ್ ಹಡಗೊಂದು ಹಾಯ್ದು, ಅದು ಫ್ರಾನ್ಸಿನ ಪಶ್ಚಿಮ ತುದಿಯಾಚೆ ಚಿನ್ನ ಬೆಳ್ಳಿಗಳೊಡನೆ ಮುಳುಗಿತು. ಆಳ ಸುಮಾರು 400 ಅಡಿ. ಆ ತಣ್ಣೀರಿನ ಒತ್ತಡಕ್ಕೆ ರಬ್ಬರಿನ ಅಂಗಿ ಸಾಲದು. ಇಟಲಿಯ ಆಲ್ಬೆರ್ತೊ ಜಾನ್ನಿ ಕೈಕಾಲುಳ್ಳ ಲೋಹಕವಚವನ್ನು ಬದಿಗಿರಿಸಿ, ಕಿಟಕಿಗಳುಳ್ಳ ಬರಿಯ ಉಕ್ಕಿನ ಗೂಡನ್ನು ಆರಿಸಿದನು. ಒಳಗಿನವನು ನೋಡಬೇಕು, ಟೆಲಿಫೋನಿನಲ್ಲಿ ಹೇಳಬೇಕು. ಹಿಡಿದೆತ್ತುವುದು ಮೇಲಿನ ಯಂತ್ರದ ಕೆಲಸ. ಚಿನ್ನಕ್ಕಿಂತ ಈ ವಿವೇಕವೇ ನನಗೆ ದೊಡ್ಡದಾಗಿ ಕಾಣುತ್ತದೆ. 1930ರ ಡಿಸೆಂಬರಿನಲ್ಲಿ, ಮುಳುಗಿದ್ದ ಮತ್ತೊಂದು ಹಡಗಿನ ಮದ್ದುಗುಂಡು ಸಿಡಿದು, ಜಾನ್ನಿ ಹಲವು ಸಂಗಾತಿಗಳೊಡನೆ ಸತ್ತನು. ಉಳಿದವರು 1932ರ ಜೂನಿನಲ್ಲಿ, ಅಂಥದೇ ಗೂಡಿನಲ್ಲಿ ಕುಳಿತು, 'ಈಜಿಪ್ಟ್'ನ ಚಿನ್ನವನ್ನು ಎತ್ತಿಸಿದರು.